ತೆರಿಗೆ ಕಡತಗಳಿಗೆ ಬೀಗ, ಬೀಗದ ಕೈಗೆ ಜಾಗ

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಎಂದಿನ ಪರದೆ ಬರಲಿಲ್ಲ. ನೀಲಿ ಹಿನ್ನೆಲೆ, ಬಿಳಿ ಅಕ್ಷರ, ಒಂದೇ ಬೇಡಿಕೆ: ರಿಕವರಿ ಕೀ ಕೊಡಿ. 48 ಅಂಕಿಯದ್ದು. ಹಿಂದಿನ ರಾತ್ರಿ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಲೇ ಅಂತ ಕೇಳಿತ್ತು, ನಾನೇ ‘ಸರಿ’ ಒತ್ತಿ ಮಲಗಿದ್ದೆ. ಒಳಗೆ ಯಾವುದೋ ಚಿಪ್ಪಿಗೆ ತನ್ನ ಯಜಮಾನರು ಬದಲಾದರೇನೋ ಎಂಬ ಅನುಮಾನ ಬಂದಿದೆ, ಬಾಗಿಲು ಹಾಕಿಕೊಂಡಿದೆ.

ಕೀ ನನ್ನ ಹತ್ತಿರ ಇತ್ತು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನದೇ ಬೀಗ ಹಾಕಿದ ದಿನ ಅದನ್ನು ಎಲ್ಲಿ ಉಳಿಸಲಿ ಅಂತ ವಿಂಡೋಸ್ ಕೇಳಿತ್ತು. ಬೀಗ ಹಾಕುತ್ತಿರುವ ಡಿಸ್ಕಿನಲ್ಲೇ ಫೈಲಾಗಿ ಉಳಿಸಲು ಅದು ಬಿಡಲಿಲ್ಲ. ನಾನು ಜಾಣತನ ಮಾಡಿ ‘ಪ್ರಿಂಟ್’ ಆರಿಸಿ, ಕಾಗದದ ಬದಲು ಪಿಡಿಎಫ್‌ಗೆ ಮುದ್ರಿಸಿ, ಅದೇ ಡಿಸ್ಕಿನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಟ್ಟಿದ್ದೆ. ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಒಳಗಿದ್ದದ್ದು ನನ್ನ, ಅಮ್ಮನ, ತಮ್ಮನ ಹನ್ನೊಂದು ವರ್ಷದ ತೆರಿಗೆ ರಿಟರ್ನುಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು, ವಿಮೆ, ಸಾಲ, ಷೇರಿನ ಕಾಗದಗಳು. ಕಪಾಟಿನಲ್ಲಿದ್ದ ಒಂದು ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ತಿಂಗಳ ಹಿಂದಿನ ಪ್ರತಿ ಇತ್ತು, ಹಾಗಾಗಿ ಪೂರ್ತಿ ಮುಳುಗಲಿಲ್ಲ. ಆ ನಾಲ್ಕು ತಿಂಗಳನ್ನು ಮತ್ತೆ ಕಟ್ಟಿಕೊಳ್ಳಲು ಮೂರು ವಾರ ಹಿಡಿಯಿತು.

ನಾನು ಕಂಪ್ಯೂಟರ್ ಓದಿದವಳಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದವಳು. ಅವತ್ತು ತಲೆಗೆ ಹತ್ತಿದ್ದು ಇಷ್ಟು: ಕಡತಗಳಿಗೆ ಶತ್ರುಗಳು ಇಬ್ಬರು. ಒಬ್ಬ ಕಳ್ಳ. ಇನ್ನೊಬ್ಬಳು ನಾನೇ, ಅಂದರೆ ನನ್ನ ಮರೆವು, ಅವಸರ, ಸತ್ತುಹೋಗುವ ಡಿಸ್ಕು. ಕಳ್ಳನಿಗೆಂದು ಹಾಕುವ ಪ್ರತಿ ಬೀಗವೂ ನನ್ನನ್ನೂ ಹೊರಗಿಡಬಹುದು. ನನ್ನ ಅನುಕೂಲಕ್ಕೆ ಮಾಡುವ ಪ್ರತಿ ನಕಲೂ ಕಳ್ಳನಿಗೆ ಇನ್ನೊಂದು ಬಾಗಿಲು. ಎರಡನ್ನೂ ಒಟ್ಟಿಗೆ ತೂಗಿಕೊಂಡು ನಾನು ಮಾಡಿಕೊಂಡ ಕ್ರಮವನ್ನು ಕೆಳಗೆ ಹೇಳುತ್ತೇನೆ. ಅರ್ಧ ದಿನದ ಕೆಲಸ ಒಮ್ಮೆ, ಆಮೇಲೆ ತಿಂಗಳಿಗೆ ಅರ್ಧ ಗಂಟೆ.

ಮೊದಲು ಹುಡುಕಿ, ಆಮೇಲೆ ಬೀಗ

ಎಲ್ಲರೂ ತಂತ್ರಾಂಶದಿಂದ ಶುರು ಮಾಡುತ್ತಾರೆ. ಅದು ತಪ್ಪು ತುದಿ. ಏನು ಎಲ್ಲಿದೆ ಅಂತ ಗೊತ್ತಿಲ್ಲದೆ ಯಾವುದಕ್ಕೆ ಬೀಗ ಹಾಕುತ್ತೀರಿ?

ನಿಮ್ಮ ತೆರಿಗೆ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿನ ಹುಡುಕಾಟದಲ್ಲಿ ಹಾಕಿ ನೋಡಿ. ಆಮೇಲೆ ಬ್ಯಾಂಕ್ ಖಾತೆ ಸಂಖ್ಯೆ. ಆಮೇಲೆ ‘ಸ್ಟೇಟ್‌ಮೆಂಟ್’, ‘ರಿಟರ್ನ್’, ‘ಸಂಬಳ’ ತರಹದ ಪದಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ನನಗೆ ಸಿಕ್ಕಿದ್ದು 61 ಫೈಲು. ಅದರಲ್ಲಿ 38 ಡೌನ್‌ಲೋಡ್ಸ್ ಫೋಲ್ಡರಿನಲ್ಲಿ. ಒಂದೇ ಸ್ಟೇಟ್‌ಮೆಂಟಿನ ಹೆಸರಿನ ಮುಂದೆ ಕಂಸದಲ್ಲಿ 1, ಕಂಸದಲ್ಲಿ 2, ಹೀಗೆ ಏಳರವರೆಗೆ. ಬೇಕಾದಾಗ ಹುಡುಕುವುದಕ್ಕಿಂತ ಮತ್ತೆ ಇಳಿಸಿಕೊಳ್ಳುವುದೇ ಸುಲಭ ಅಂತ ಏಳು ಸಲ ಇಳಿಸಿದ್ದೆ.

ಹುಡುಕಾಟಕ್ಕೆ ಸಿಗದ ಜಾಗಗಳೂ ಇವೆ. ಸ್ಕ್ಯಾನ್ ಮಾಡಿದ ಚಿತ್ರದೊಳಗಿನ ಅಂಕಿ ಸಾಮಾನ್ಯವಾಗಿ ಸಿಗುವುದಿಲ್ಲ, ಅಲ್ಲಿ ಕಣ್ಣೇ ಗತಿ. ಸ್ಕ್ಯಾನರಿನ ತಂತ್ರಾಂಶ ತನ್ನದೇ ಒಂದು ಫೋಲ್ಡರ್ ಮಾಡಿಕೊಂಡಿರುತ್ತದೆ. ರಿಟರ್ನ್ ತುಂಬುವ ತಂತ್ರಾಂಶ ಇನ್ನೆಲ್ಲೋ ತನ್ನ ಬ್ಯಾಕಪ್ ಇಟ್ಟಿರಬಹುದು. ವಾಟ್ಸ್‌ಆ್ಯಪನ್ನು ಕಂಪ್ಯೂಟರಿನಲ್ಲಿ ಬಳಸುತ್ತಿದ್ದರೆ ಅಲ್ಲಿಂದ ಇಳಿದ ಕಾಗದಗಳು, ಸ್ಕ್ರೀನ್‌ಶಾಟ್ ಫೋಲ್ಡರ್, ರೀಸೈಕಲ್ ಬಿನ್. ಮೇಲ್‌ನ ‘ಕಳಿಸಿದ್ದು’ ಪೆಟ್ಟಿಗೆಯನ್ನಂತೂ ಬಿಡಲೇಬೇಡಿ. ತಮ್ಮ ಮನೆ ಸಾಲಕ್ಕೆ ಅರ್ಜಿ ಹಾಕಿದ್ದ ವರ್ಷ ಅವನ ಮೂರು ವರ್ಷದ ರಿಟರ್ನುಗಳನ್ನು ಬೀಗವಿಲ್ಲದೆ ನಾನು ಕಳಿಸಿದ್ದು ಅಲ್ಲಿ ಹಾಗೇ ಕೂತಿತ್ತು. ಫೋನಿನಲ್ಲಿ ತೆಗೆದ ಕಾಗದದ ಫೋಟೊ ತಾನಾಗಿಯೇ ಫೋಟೊ ಖಾತೆಗೆ ಏರಿರುತ್ತದೆ, ಮದುವೆ ಫೋಟೊಗಳ ನಡುವೆ ಪಾಸ್‌ಪೋರ್ಟ್.

ಸಿಕ್ಕಿದ್ದನ್ನೆಲ್ಲ ಒಂದೇ ಫೋಲ್ಡರಿಗೆ ತನ್ನಿ, ನಕಲುಗಳನ್ನು ಅಳಿಸಿ, ಬಿನ್ ಖಾಲಿ ಮಾಡಿ. ಫೋಲ್ಡರಿನೊಳಗೆ ವ್ಯಕ್ತಿಗೊಂದು, ವ್ಯಕ್ತಿಯೊಳಗೆ ವರ್ಷಕ್ಕೊಂದು ವಿಭಾಗ ಸಾಕು. ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೈಲುಗಳು ತಾವಾಗಿಯೇ ಸಾಲು ನಿಲ್ಲುತ್ತವೆ. ದಿನವನ್ನು ಮೊದಲು ಬರೆದಿರೋ, ಎಲ್ಲ ತಿಂಗಳ ಒಂದನೇ ತಾರೀಕುಗಳು ಒಟ್ಟಿಗೆ ಕೂರುತ್ತವೆ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಹೆಸರುಗಳ ಬದಲು ‘ಕರಡು’ ಮತ್ತು ‘ಸಲ್ಲಿಸಿದ್ದು’ ಎಂಬ ಎರಡೇ ಪದ. ಸಲ್ಲಿಸಿದ ದಿನ ಕರಡುಗಳನ್ನು ಅಳಿಸುತ್ತೇನೆ.

ಎಷ್ಟು ವರ್ಷ ಇಡಬೇಕು ಎಂಬುದು ನಿಮ್ಮ ದೇಶದ ತೆರಿಗೆ ಕಾನೂನಿಗೆ ಬಿಟ್ಟದ್ದು, ಅದನ್ನು ನೋಡಿಕೊಳ್ಳಿ. ಆದರೆ ಮನೆ, ಜಮೀನು, ಷೇರು ಕೊಂಡ ಕಾಗದಕ್ಕೆ ಆ ಲೆಕ್ಕ ಹಿಡಿಯಬೇಡಿ. ಇಪ್ಪತ್ತು ವರ್ಷ ಬಿಟ್ಟು ಮಾರಿದಾಗ ಲಾಭ ಎಷ್ಟು ಅಂತ ತೋರಿಸಲು ಕೊಂಡ ಬೆಲೆಯ ಪುರಾವೆ ಬೇಕಾಗುತ್ತದೆ. ಹಾಗೆ ಉಳಿಯಬೇಕಾದವಕ್ಕೆ ನನ್ನಲ್ಲಿ ‘ಅಳಿಸಬಾರದು’ ಎಂಬ ಬೇರೆಯೇ ಫೋಲ್ಡರ್ ಇದೆ.

ಇಡೀ ಡಿಸ್ಕಿಗೆ ಬೀಗ

ವಿಂಡೋಸಿಗೆ ಹಾಕುವ ಲಾಗಿನ್ ಪಾಸ್‌ವರ್ಡ್ ಡಿಸ್ಕನ್ನು ಕಾಯುವುದಿಲ್ಲ. ಬೀಗವಿಲ್ಲದ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿದರೆ ಎಲ್ಲವೂ ತೆರೆದ ಪುಸ್ತಕ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೆ, ರಿಪೇರಿಗೆ ಹೋದರೆ, ಮನೆಗೆ ಕಳ್ಳ ಬಂದರೆ ಕಾಯುವುದು ಡಿಸ್ಕ್ ಎನ್‌ಕ್ರಿಪ್ಷನ್ ಮಾತ್ರ, ಅಂದರೆ ಕೀ ಇಲ್ಲದವರಿಗೆ ಓದಲಾಗದಂತೆ ಡಿಸ್ಕಿನಲ್ಲಿರುವುದನ್ನೆಲ್ಲ ಕಲಸಿಡುವ ಬೀಗ. ಇದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್, ಹೋಮ್ ಆವೃತ್ತಿಯ ಬಹಳಷ್ಟು ಯಂತ್ರಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲಿನಕ್ಸ್ ಬಳಸುವವರಿಗೆ ಇನ್‌ಸ್ಟಾಲ್ ಮಾಡುವಾಗಲೇ ಆಯ್ಕೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಮತ್ತು ಸೆಕ್ಯುರಿಟಿ ಭಾಗ ತೆರೆದು ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಹೊಸ ಯಂತ್ರ ಶುರು ಮಾಡಿದ್ದರೆ ನಿಮಗೆ ಹೇಳದೆಯೇ ಬೀಗ ಬಿದ್ದಿರುವುದೂ ಉಂಟು. ಹಾಗಿದ್ದರೆ ಕೀ ಆ ಖಾತೆಯಲ್ಲಿರುತ್ತದೆ. ಇವತ್ತೇ ಲಾಗಿನ್ ಆಗಿ ಅದನ್ನು ಕಣ್ಣಾರೆ ನೋಡಿ. ನಾನು ಆ ಖಾತೆ ಇಲ್ಲದೆ ಸ್ಥಳೀಯ ಹೆಸರಿನಲ್ಲಿ ಬಳಸುತ್ತಿದ್ದೆ, ಹಾಗಾಗಿ ಕೇಳಲು ಯಾರೂ ಇರಲಿಲ್ಲ.

ರಿಕವರಿ ಕೀಯನ್ನು ಕಾಗದದ ಮೇಲೆ ಬರೆಯಿರಿ. ಕಾಗದವನ್ನು ದೂರದಲ್ಲಿ ಕೂತ ಯಾರೂ ಹ್ಯಾಕ್ ಮಾಡಲಾರರು. ಬರೆಯುವಾಗ ತಪ್ಪಾದರೆ ಎಂಬ ಭಯಕ್ಕೆ ನನಗೆ ಬಹಳ ಇಷ್ಟವಾದ ಮದ್ದೊಂದಿದೆ. ಬಿಟ್‌ಲಾಕರಿನ 48 ಅಂಕಿ ಆರಾರರಂತೆ ಎಂಟು ಗುಂಪಾಗಿ ಬರುತ್ತದೆ, ಆ ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉದಾಹರಣೆಗೆ ಒಂದು ಗುಂಪು 482746 ಅಂತಿದ್ದರೆ 11ರಿಂದ ಭಾಗಿಸಿ, 43886 ಬರುತ್ತದೆ, ಶೇಷ ಸೊನ್ನೆ. ಅದರಲ್ಲಿನ 7 ಅನ್ನು ನೀವು 1 ಅಂತ ಬರೆದುಕೊಂಡಿದ್ದರೆ 482146 ಆಗುತ್ತದೆ, 5 ಉಳಿಯುತ್ತದೆ. ಅಂದರೆ ಮನೆಯ ಕ್ಯಾಲ್ಕ್ಯುಲೇಟರಿನಲ್ಲೇ ಎಂಟು ಸಲ ಭಾಗಿಸಿ ನಿಮ್ಮ ಬರಹ ತಾಳೆ ನೋಡಬಹುದು. ಲೆಕ್ಕ ಬರೆಯುವವರಿಗೆ ತಾಳೆ ನೋಡುವುದರಲ್ಲಿರುವ ಸುಖ ಬೇರೆಯವರಿಗೆ ಅರ್ಥವಾಗದು. ಮ್ಯಾಕ್‌ನ ಕೀಯಲ್ಲಿ ಅಕ್ಷರ, ಅಂಕಿ ಸೇರಿ 24 ಇರುತ್ತವೆ, ಅಲ್ಲಿ ಈ ಆಟ ನಡೆಯುವುದಿಲ್ಲ. ಎರಡು ಸಲ ಗಟ್ಟಿಯಾಗಿ ಓದಿಸಿ.

ಡಿಸ್ಕಿನ ಬೀಗ ಕಾಯುವುದು ಯಂತ್ರ ಆರಿಸಿದ್ದಾಗ. ನೀವು ಲಾಗಿನ್ ಆಗಿ ಕೂತಿರುವಾಗ ಬೀಗ ತೆರೆದೇ ಇರುತ್ತದೆ. ನಿಮ್ಮ ಹೆಸರಿನಲ್ಲಿ ಓಡುವ ಯಾವ ಕೆಟ್ಟ ತಂತ್ರಾಂಶಕ್ಕೂ, ಕಾಫಿಗೆ ಎದ್ದಾಗ ಬಂದು ಕೂರುವ ಯಾವ ಮನುಷ್ಯನಿಗೂ ಎಲ್ಲ ಕಾಣುತ್ತದೆ. ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿ ಪರದೆ ಮುಚ್ಚುವುದನ್ನು ಬೆರಳಿಗೆ ಅಭ್ಯಾಸ ಮಾಡಿಸಿ. ಜತೆಗೆ ಒಳಗೊಂದು ಪೆಟ್ಟಿಗೆಯೂ ಬೇಕು.

ಒಳಪೆಟ್ಟಿಗೆ

ಹಳೆಯ ವರ್ಷಗಳ ಕಡತಗಳನ್ನು ದಿನಾ ಯಾರೂ ತೆರೆಯುವುದಿಲ್ಲ. ಅವು ಸದಾ ತೆರೆದಿರಬೇಕಾದ ಅಗತ್ಯವೂ ಇಲ್ಲ. ಅವುಗಳಿಗೆ ನಾನು ವೆರಾಕ್ರಿಪ್ಟ್ ಬಳಸುತ್ತೇನೆ. ಟ್ರೂಕ್ರಿಪ್ಟ್ ಎಂಬ ಹಳೆಯ ತಂತ್ರಾಂಶವನ್ನು ಅದರ ಕರ್ತೃಗಳು 2014ರ ಮೇ ತಿಂಗಳಲ್ಲಿ ಥಟ್ಟನೆ ಕೈಬಿಟ್ಟರು. ಅದೇ ಕೋಡ್‌ನಿಂದ ಬೆಳೆದದ್ದು ವೆರಾಕ್ರಿಪ್ಟ್, ಉಚಿತ. ಒಂದು ದೊಡ್ಡ ಫೈಲ್ ಮಾಡಿ, ಪಾಸ್‌ವರ್ಡ್ ಕೊಟ್ಟರೆ ಅದು ಹೊಸದೊಂದು ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಕೆಲಸ ಮುಗಿಸಿ ಮುಚ್ಚಿದರೆ ಮತ್ತೆ ಅರ್ಥವಾಗದ ಒಂದು ಫೈಲ್. ಗಾತ್ರವನ್ನು ಮೊದಲೇ ನಿಗದಿ ಮಾಡಬೇಕು. ನನ್ನ ಹನ್ನೊಂದು ವರ್ಷದ್ದೆಲ್ಲ ಸೇರಿ 3 ಜಿಬಿ ದಾಟಲಿಲ್ಲ, 8 ಜಿಬಿ ಪೆಟ್ಟಿಗೆ ಮಾಡಿದೆ.

ಇದರಲ್ಲಿ ಒಂದು ಗುಪ್ತ ಗುಂಡಿ ಇದೆ, ನಾನು ಬಿದ್ದು ಎದ್ದದ್ದು. ಪೆಟ್ಟಿಗೆಯೊಳಗೆ ಏನೇ ಬದಲಿಸಿದರೂ ಹೊರಗಿನ ಫೈಲಿನ ತಾರೀಕು ಬದಲಾಗದಂತೆ ವೆರಾಕ್ರಿಪ್ಟ್ ನೋಡಿಕೊಳ್ಳುತ್ತದೆ. ಯಾವಾಗ ಬಳಸಿದಿರಿ ಅಂತ ಯಾರಿಗೂ ತಿಳಿಯಬಾರದು ಎಂಬ ಮುತುವರ್ಜಿ. ಆದರೆ ತಾರೀಕು ನೋಡಿ ಬ್ಯಾಕಪ್ ಮಾಡುವ ತಂತ್ರಾಂಶಕ್ಕೆ ‘ಏನೂ ಬದಲಾಗಿಲ್ಲ’ ಅಂತ ಕಾಣುತ್ತದೆ, ಅದು ನಕಲು ಮಾಡದೆ ಮುಂದೆ ಹೋಗುತ್ತದೆ. ನನ್ನ ಬ್ಯಾಕಪ್ಪಿನಲ್ಲಿ ತಿಂಗಳುಗಟ್ಟಲೆ ಖಾಲಿ ಪೆಟ್ಟಿಗೆಯೇ ಇತ್ತು! ಪ್ರಿಫರೆನ್ಸಸ್‌ನಲ್ಲಿ ತಾರೀಕು ಹಾಗೇ ಉಳಿಸುವ ಆ ಆಯ್ಕೆಯ ಟಿಕ್ ತೆಗೆಯಿರಿ. ಮೊದಲ ದಿನವೇ.

ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಜಾಗದಲ್ಲಿ ಇಡುವವರಿಗೆ ಕ್ರಿಪ್ಟೊಮೇಟರ್ ಎಂಬ ತಂತ್ರಾಂಶ ಹೊಂದುತ್ತದೆ. ಅದು ಪ್ರತಿ ಫೈಲಿಗೂ ಬೇರೆ ಬೀಗ ಹಾಕುತ್ತದೆ, ಹಾಗಾಗಿ ಒಂದು ಕಾಗದ ಸೇರಿಸಿದರೆ 8 ಜಿಬಿ ಮತ್ತೆ ಏರಬೇಕಿಲ್ಲ. ಇಷ್ಟೆಲ್ಲ ಬೇಡ ಎನ್ನುವವರಿಗೆ ಫೈಲುಗಳನ್ನು ಒಂದೇ ಗಂಟಾಗಿ ಕಟ್ಟುವ 7-ಜಿಪ್. ಅದರ 7ಝಡ್ ಮಾದರಿ ಎಇಎಸ್-256 ಎಂಬ ಗಟ್ಟಿ ಬೀಗ ಹಾಕುತ್ತದೆ. ‘ಫೈಲ್ ಹೆಸರುಗಳನ್ನೂ ಮುಚ್ಚು’ ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗಿನ ಪಟ್ಟಿ ಕಾಣುತ್ತದೆ, ಹೆಸರುಗಳೇ ಅರ್ಧ ಕಥೆ ಹೇಳಿಬಿಡುತ್ತವೆ. ಹಳೆಯ ಜಿಪ್ ಪಾಸ್‌ವರ್ಡನ್ನು ಮಾತ್ರ ನಂಬಬೇಡಿ. ಜಿಪ್‌ಕ್ರಿಪ್ಟೊ ಎಂಬ ಆ ವಿಧಾನವನ್ನು ಮುರಿಯುವುದು ಹೇಗೆಂದು ಬಿಹಾಮ್ ಮತ್ತು ಕೋಕರ್ ಎಂಬ ತಜ್ಞರು 1994ರಲ್ಲೇ ತೋರಿಸಿದ್ದಾರೆ. ಇನ್ನೊಂದು: 7-ಜಿಪ್ ಒಳಗಿಂದಲೇ ಫೈಲ್ ತೆರೆದರೆ ಅದರ ಬಿಚ್ಚಿದ ನಕಲೊಂದು ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರಿಗೆ ಹೋಗುತ್ತದೆ. ನೆಟ್ಟಗೆ ಮುಚ್ಚಿದರೆ ಅಳಿಯುತ್ತದೆ, ನಡುವೆ ಕರೆಂಟ್ ಹೋದರೆ ಅಲ್ಲೇ ಉಳಿಯುತ್ತದೆ. ಇಡೀ ಡಿಸ್ಕಿಗೆ ಬೀಗ ಇರಲಿ ಅಂದದ್ದು ಇಂಥ ಚೂರುಪಾರುಗಳಿಗಾಗಿಯೂ.

ಎಕ್ಸೆಲ್‌ನಲ್ಲಿ ‘ಶೀಟ್ ಪ್ರೊಟೆಕ್ಟ್’ ಮಾಡಿ ನಿಶ್ಚಿಂತೆಯಿಂದ ಇರುವವರನ್ನು ಎಷ್ಟೋ ನೋಡಿದ್ದೇನೆ. ಅದು ಬೀಗವಲ್ಲ, ‘ಮುಟ್ಟಬೇಡಿ’ ಎಂಬ ಚೀಟಿ. ಫೈಲ್ ತೆರೆಯಲಿಕ್ಕೇ ಪಾಸ್‌ವರ್ಡ್ ಕೇಳುವ ಆಯ್ಕೆ ಬೇರೆ ಇದೆ, ಎನ್‌ಕ್ರಿಪ್ಷನ್ ಇರುವುದು ಅದರಲ್ಲಿ. ಪಿಡಿಎಫ್‌ನದೂ ಇದೇ ಕಥೆ. ಮುದ್ರಿಸಬಾರದು, ತಿದ್ದಬಾರದು ಎನ್ನುವ ಪಾಸ್‌ವರ್ಡ್ ಒಂದು ವಿನಂತಿ ಅಷ್ಟೇ, ತೆರೆಯಲು ಕೇಳುವ ಪಾಸ್‌ವರ್ಡ್ ನಿಜವಾದ ಬೀಗ.

ಬಾಳೆಗೆ ಎಷ್ಟು ‘ಎ’?

ಉದ್ದವಾದ, ಅಡ್ಡಾದಿಡ್ಡಿ ಆರಿಸಿದ ಪದಗಳ ಸಾಲು ಒಳ್ಳೆಯ ಪಾಸ್‌ವರ್ಡ್. ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ವಿಧಾನವನ್ನು ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದರು. ಐದು ಸಲ ದಾಳ ಹಾಕಿದರೆ 7776 ಪದಗಳ ಪಟ್ಟಿಯಿಂದ ಒಂದು. ಅಂಥ ಆರು ಪದ ಸೇರಿಸಿದರೆ ಊಹಿಸಿ ಹಿಡಿಯುವುದು ಆಗದ ಮಾತು. ಪದಗಳನ್ನು ನೀವು ಆರಿಸಬಾರದು, ದಾಳವೇ ಆರಿಸಬೇಕು. ಮನುಷ್ಯ ಆರಿಸಿದರೆ ಮಕ್ಕಳ ಹೆಸರು, ದೇವರ ಹೆಸರು, ಹುಟ್ಟಿದ ವರ್ಷ ಇಷ್ಟರಲ್ಲೇ ಸುತ್ತುತ್ತಾನೆ.

ನಮ್ಮಂಥವರಿಗೆ ಇಲ್ಲೊಂದು ವಿಶೇಷ ತೊಂದರೆ. ಕನ್ನಡ ಪದ ಯಾರೂ ಊಹಿಸಲಾರರು ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದಗಳ ಪಾಸ್‌ವರ್ಡ್ ಮಾಡಿದೆ. ಎರಡು ತಿಂಗಳು ಬಿಟ್ಟು ಪೆಟ್ಟಿಗೆ ತೆರೆಯಲು ಕೂತರೆ, ಬಾಳೆಯ ದೀರ್ಘಕ್ಕೆ ‘ಎ’ ಒಂದು ಹಾಕಿದ್ದೆನೋ ಎರಡೋ? ಳಕಾರಕ್ಕೆ ದೊಡ್ಡ ‘ಎಲ್’ ಅಥವಾ ಚಿಕ್ಕದು? ಹಕ್ಕಿಗೆ ‘ಕೆ’ ಎರಡು ಸರಿ, ಕೊನೆಗೆ ‘ಐ’ ಒಂದಾ? ಪದಗಳೆಲ್ಲ ನೆನಪಿದ್ದವು, ಕಾಗುಣಿತ ನೆನಪಿರಲಿಲ್ಲ. ಸಾಧ್ಯತೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ಒಂದೊಂದಾಗಿ ಹಾಕಿದೆ, ಹತ್ತೊಂಬತ್ತನೆಯದಕ್ಕೆ ತೆರೆಯಿತು. ಕನ್ನಡ ಪದವೇ ಬೇಕೆಂದರೆ ಒಂದಕ್ಷರಕ್ಕೆ ಒಂದೇ ಕಾಗುಣಿತ ಎಂಬ ನಿಯಮವನ್ನು ಮೊದಲೇ ಮಾಡಿ ಬರೆದಿಡಿ. ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಹಾಕುವ ಉತ್ಸಾಹವಂತೂ ಬೇಡ. ಇನ್ನೊಂದು ಯಂತ್ರದಲ್ಲಿ ತೆರೆಯಬೇಕಾದ ದಿನ ಅಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲ.

ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಎರಡೇ: ಲಾಗಿನ್ನಿನದು, ಪಾಸ್‌ವರ್ಡ್ ಮ್ಯಾನೇಜರಿನದು. ಉಳಿದವನ್ನು ಮ್ಯಾನೇಜರ್ ನೆನಪಿಟ್ಟುಕೊಳ್ಳಲಿ. ಕೀಪಾಸ್, ಬಿಟ್‌ವಾರ್ಡನ್ ಯಾವುದಾದರೂ ಆದೀತು. ಬ್ಯಾಂಕ್, ತೆರಿಗೆ, ಮೇಲ್ ಈ ಮೂರರ ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸುವುದನ್ನು ನಾನು ಬಿಟ್ಟೆ. ಬ್ರೌಸರಿನಿಂದ ಪಾಸ್‌ವರ್ಡ್ ಗುಡಿಸಿಕೊಂಡು ಹೋಗಲೆಂದೇ ಬರೆದ ಕಳ್ಳ ತಂತ್ರಾಂಶಗಳಿವೆ. ಮೇಲ್ ಖಾತೆಗೆ ಎರಡನೇ ಹಂತದ ದೃಢೀಕರಣ (ಪಾಸ್‌ವರ್ಡ್ ಜತೆಗೆ ಇನ್ನೊಂದು ಪುರಾವೆ ಕೇಳುವುದು) ಹಾಕದಿದ್ದರೆ ಬೇರೆ ಯಾವ ಬೀಗಕ್ಕೂ ಅರ್ಥವಿಲ್ಲ. ‘ಪಾಸ್‌ವರ್ಡ್ ಮರೆತೆ’ ಎಂಬ ಎಲ್ಲ ಕೊಂಡಿಗಳೂ ಬಂದು ಬೀಳುವುದು ಅಲ್ಲಿಗೇ.

ನಕಲು, ಇನ್ನೊಂದು ನಕಲು, ದೂರದ ನಕಲು

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ನನಗೆ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ. ಹೊರಗಿನ ಡಿಸ್ಕಿಗೂ ಬೀಗ ಹಾಕಿ. ಲ್ಯಾಪ್‌ಟಾಪಿಗೆ ಬೀಗ, ಅದರ ನಕಲು ಬಟಾಬಯಲು, ಇದನ್ನು ನಾನೇ ಎರಡು ವರ್ಷ ಮಾಡಿದ್ದೆ.

ಹಾರ್ಡ್ ಡಿಸ್ಕನ್ನು ನಕಲು ಮುಗಿದ ತಕ್ಷಣ ಕಿತ್ತು ಒಳಗಿಡಿ. ಸದಾ ಸಿಕ್ಕಿಸಿಟ್ಟರೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದ ದಿನ ಅದೂ ಹೋಗುತ್ತದೆ, ಅದು ಸಿಕ್ಕಿದ ಡ್ರೈವನ್ನೆಲ್ಲ ಕಬಳಿಸುತ್ತದೆ. ಪೆನ್ ಡ್ರೈವ್ ಸಾಗಿಸುವುದಕ್ಕೆ ಸರಿ, ವರ್ಷಗಟ್ಟಲೆ ಮೂಲೆಯಲ್ಲಿ ಇಡುವುದಕ್ಕಲ್ಲ. ಕ್ಲೌಡ್‌ಗೆ ಹೊಂದಿಸಿದ ಫೋಲ್ಡರ್ ಒಂದೇ ಬ್ಯಾಕಪ್ ಎನಿಸಿಕೊಳ್ಳುವುದಿಲ್ಲ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅಳಿಸಿದ್ದನ್ನು ಹಿಂದೆ ತರಲು ಒಂದಷ್ಟು ದಿನದ ಅವಕಾಶ ಇರುತ್ತದೆ, ಆದರೆ ತೆರಿಗೆ ಫೋಲ್ಡರನ್ನು ನಾವು ತೆರೆಯುವುದು ವರ್ಷಕ್ಕೊಮ್ಮೆ.

ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಒಂದು ವರ್ಷ ಆರಿಸಿ, ಆ ರಿಟರ್ನನ್ನು ಬ್ಯಾಕಪ್ಪಿನಿಂದ ತೆಗೆದು, ತೆರೆದು, ಕೊನೆಯ ಪುಟದವರೆಗೆ ಸರಿಸಿ ನೋಡುತ್ತೇನೆ. ಖಾಲಿ ಪೆಟ್ಟಿಗೆಯ ವಿಷಯ ನನಗೆ ಗೊತ್ತಾದದ್ದು ಹೀಗೇ.

ಮೇಲ್‌ನಲ್ಲಿ ಬರುವವರು, ಮೇಲ್‌ನಲ್ಲಿ ಹೋಗುವುದು

ರಿಟರ್ನ್ ಸಲ್ಲಿಸುವ ತಿಂಗಳಲ್ಲೇ ‘ನಿಮಗೆ ಮರುಪಾವತಿ ಬಾಕಿ ಇದೆ’, ‘ನಿಮ್ಮ ಮೇಲೆ ನೋಟಿಸ್ ಇದೆ’ ಎಂಬ ಮೇಲ್‌ಗಳು ಸುರಿಯುತ್ತವೆ. ಅದರೊಳಗಿನ ಕೊಂಡಿ ಒತ್ತದೆ ತೆರಿಗೆ ಇಲಾಖೆಯ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ನೋಟಿಸ್ ನಿಜವಾಗಿದ್ದರೆ ಅಲ್ಲಿಯೂ ಇರುತ್ತದೆ. ವಿಂಡೋಸ್ ಫೈಲಿನ ಬಾಲವನ್ನು, ಅಂದರೆ ಅದು ಯಾವ ಬಗೆಯದೆಂದು ಹೇಳುವ ಹೆಸರಿನ ಕೊನೆಯ ಅಕ್ಷರಗಳನ್ನು, ಮುಚ್ಚಿ ತೋರಿಸುತ್ತದೆ, ಹಾಗಾಗಿ ‘ನೋಟಿಸ್ ಪಿಡಿಎಫ್’ ಅಂತ ಕಾಣುವುದರ ಕೊನೆಗೆ ತಂತ್ರಾಂಶದ ಬಾಲವಾದ ಇಎಕ್ಸ್‌ಇ ಅಡಗಿರಬಹುದು. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಭಾಗದಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಹಾಕಿಕೊಳ್ಳಿ.

ಅಪ್‌ಡೇಟ್‌ನಿಂದ ಪೆಟ್ಟು ತಿಂದವಳಾದರೂ ಅಪ್‌ಡೇಟ್ ಬಿಡಬೇಡಿ ಎಂದೇ ಹೇಳುತ್ತೇನೆ. 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಲಕ್ಷಾಂತರ ಯಂತ್ರಗಳಿಗೆ ಬೀಗ ಜಡಿದಾಗ, ಅದು ನುಸುಳಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಾಗಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರದ ಹಳೆಯ ಯಂತ್ರದಲ್ಲಿ ತೆರಿಗೆ ಕೆಲಸ ಮಾಡಬೇಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಆಯ್ಕೆ ಇದೆ, ಅಪರಿಚಿತ ತಂತ್ರಾಂಶಗಳು ನಿಮ್ಮ ಫೋಲ್ಡರಿಗೆ ಕೈಹಾಕದಂತೆ ತಡೆಯುತ್ತದೆ. ಹಾಕಿದ ಮೊದಲ ದಿನ ನನ್ನ ಸ್ಕ್ಯಾನರಿನ ತಂತ್ರಾಂಶವನ್ನೂ ತಡೆಯಿತು. ಅದನ್ನು ಒಪ್ಪಿದವರ ಪಟ್ಟಿಗೆ ಸೇರಿಸಿದ ಮೇಲೆ ತಕರಾರಿಲ್ಲ. ಮಕ್ಕಳು ಆಟಕ್ಕೆ ಅದೇ ಯಂತ್ರ ಬಳಸುತ್ತಾರೆಯೇ? ಅವರಿಗೆ ಅಡ್ಮಿನ್ ಅಧಿಕಾರ ಇಲ್ಲದ ಬೇರೆ ಖಾತೆ ಮಾಡಿಕೊಡಿ.

ಲೆಕ್ಕಪರಿಶೋಧಕರಿಗೆ ಕಾಗದ ಕಳಿಸುವಾಗ 7-ಜಿಪ್‌ನಲ್ಲಿ ಕಟ್ಟಿ ಮೇಲ್ ಮಾಡಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಅದೇ ಮೇಲ್‌ನ ಎರಡನೇ ಸಾಲಿನಲ್ಲಿ ‘ಪಾಸ್‌ವರ್ಡ್ ಇದು’ ಅಂತ ಬರೆಯುವುದು ಬಾಗಿಲಿಗೆ ಬೀಗ ಹಾಕಿ ಕೈಯನ್ನು ಅಲ್ಲೇ ನೇತುಹಾಕಿದಂತೆ. ಖಾತೆ ಸಂಖ್ಯೆ ಮುಚ್ಚಿ ಕಳಿಸಬೇಕಾದಾಗ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. ಪಟ್ಟಿಯ ಕೆಳಗೆ ಅಕ್ಷರಗಳು ಹಾಗೇ ಇರುತ್ತವೆ, ಆರಿಸಿ ಕಾಪಿ ಮಾಡಿದರೆ ಬರುತ್ತವೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಮೊಕದ್ದಮೆಯಲ್ಲಿ ವಕೀಲರೇ ಹೀಗೆ ಮುಚ್ಚಿ ಕೋರ್ಟಿಗೆ ಕೊಟ್ಟರು, ಪತ್ರಕರ್ತರು ಕಾಪಿ ಮಾಡಿ ಓದಿಬಿಟ್ಟರು. ನಾನು ಕಪ್ಪು ಮಾಡಿದ ಪುಟವನ್ನು ಚಿತ್ರವಾಗಿ ಉಳಿಸಿ, ಚಿತ್ರವನ್ನೇ ಕಳಿಸುತ್ತೇನೆ.

ಹಳೆಯ ಡಿಸ್ಕು

2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ ಒಂದು ಅಧ್ಯಯನ ಪ್ರಕಟಿಸಿದರು. ಸೆಕೆಂಡ್‌ಹ್ಯಾಂಡ್ ಹಾರ್ಡ್ ಡಿಸ್ಕುಗಳನ್ನು ಕೊಂಡು ತೆರೆದು ನೋಡಿದ್ದರು, ಒಟ್ಟು 158. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಕ್ರೆಡಿಟ್ ಕಾರ್ಡ್ ಸಂಖ್ಯೆಗಳೇ ಸಾವಿರಗಟ್ಟಲೆ ಸಿಕ್ಕವು. ಬಿನ್ ಖಾಲಿ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಎರಡೂ ಸೂಚಿಪುಟ ಹರಿದಂತೆ, ಪುಸ್ತಕ ಹಾಗೇ ಇರುತ್ತದೆ.

ತಿರುಗುವ ಹಾರ್ಡ್ ಡಿಸ್ಕಾದರೆ ಪೂರ್ತಿ ಒಂದು ಸಲ ಸೊನ್ನೆ ಬರೆದರೆ ಸಾಕು, ಏಳು ಸಲ, ಮೂವತ್ತೈದು ಸಲ ಎಂಬುದು ಹಳೆಯ ಕಾಲದ ಮಾತು. ತಟ್ಟೆ ಇಲ್ಲದ, ಚಿಪ್ಪಿನಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಹಾಗಲ್ಲ, ಬರೆದದ್ದನ್ನು ಅದು ತನಗಿಷ್ಟ ಬಂದ ಕೋಶದಲ್ಲಿ ಇಡುತ್ತದೆ, ಒಂದು ಫೈಲಿನ ಮೇಲೆ ಬರೆದು ಅಳಿಸಿದೆ ಎಂಬುದಕ್ಕೆ ಖಾತರಿ ಇಲ್ಲ. ಅದಕ್ಕೆ ಮೊದಲ ದಿನದಿಂದಲೇ ಬೀಗ ಹಾಕಿ ಬಳಸಿ, ಕೊನೆಯ ದಿನ ತಯಾರಕರ ಸೆಕ್ಯೂರ್ ಇರೇಸ್ ಎಂಬ ಅಳಿಸುವ ಸೌಲಭ್ಯ ಓಡಿಸಿ. ಬೀಗದ ಕೈ ನಾಶವಾದರೆ ಉಳಿದದ್ದು ಬರೀ ಗೊಂದಲ. ಕೆಟ್ಟು ಕೂತ ಡಿಸ್ಕನ್ನು ನಾನು ಯಾರಿಗೂ ಕೊಡುವುದಿಲ್ಲ, ತಟ್ಟೆಗಳನ್ನು ಬಿಚ್ಚಿ ಸುತ್ತಿಗೆಗೆ ಕೊಡುತ್ತೇನೆ.

ಲಕೋಟೆ

ಇಷ್ಟೆಲ್ಲ ಬೀಗ ಹಾಕಿದ ಮೇಲೆ ನನಗೇನಾದರೂ ಆದರೆ ಅಮ್ಮನ ಕಾಗದವೂ ಯಾರಿಗೂ ಸಿಗದು. ಅದಕ್ಕೆ ಒಂದು ಪುಟ ಬರೆದೆ, ಕೈಯಿಂದ. ಲ್ಯಾಪ್‌ಟಾಪಿನ, ಹಾರ್ಡ್ ಡಿಸ್ಕಿನ ರಿಕವರಿ ಕೀಗಳು. ಪಾಸ್‌ವರ್ಡ್ ಮ್ಯಾನೇಜರಿನ ಪದಗಳು, ಕಾಗುಣಿತದ ನಿಯಮದ ಸಮೇತ. ಹಾರ್ಡ್ ಡಿಸ್ಕ್ ಎಲ್ಲಿದೆ, ಪೆಟ್ಟಿಗೆಯ ಫೈಲಿನ ಹೆಸರೇನು, ಯಾವ ತಂತ್ರಾಂಶದಿಂದ ತೆರೆಯಬೇಕು. ಎರಡು ಪ್ರತಿ, ಒಂದು ಮನೆಯಲ್ಲಿ ಆಸ್ತಿಪತ್ರಗಳ ಜತೆ, ಒಂದು ತಮ್ಮನ ಮನೆಯಲ್ಲಿ. ಲಕೋಟೆಯ ಅಂಟಿನ ಮೇಲೆ ನನ್ನ ಸಹಿ, ಯಾರಾದರೂ ತೆರೆದಿದ್ದರೆ ಗೊತ್ತಾಗಲಿ ಅಂತ.

ಬರೆದಿಟ್ಟರೆ ಆಗಲಿಲ್ಲವಲ್ಲ, ಒಂದು ಭಾನುವಾರ ನಮ್ಮವರನ್ನು ಕೂರಿಸಿದೆ. ನಾನು ಬಾಯಿ ಬಿಡುವುದಿಲ್ಲ, ಲಕೋಟೆ ನೋಡಿಕೊಂಡು ಅಮ್ಮನ ಹೋದ ವರ್ಷದ ರಿಟರ್ನ್ ತೆಗೆಯಿರಿ ಎಂದೆ. ಮೊದಲು ಹಾರ್ಡ್ ಡಿಸ್ಕನ್ನು ಹುಡುಕಿದರು. ‘ಕಪಾಟಿನಲ್ಲಿ’ ಅಂತ ಬರೆದಿದ್ದೆ, ಮನೆಯಲ್ಲಿ ಕಪಾಟು ನಾಲ್ಕು. ಡಿಸ್ಕು ಸಿಕ್ಕಿದ ಮೇಲೆ ಅದರ 48 ಅಂಕಿ. ಕೀ ತಪ್ಪು ಅಂದಿತು. ಎರಡನೇ ಸಲವೂ ತಪ್ಪು. ನನಗೆ ತುಟಿ ಕಚ್ಚಿಕೊಂಡು ಸಾಕಾಯಿತು. ಕ್ಯಾಲ್ಕ್ಯುಲೇಟರ್ ತೋರಿಸಿ 11 ಎಂದಷ್ಟೇ ಹೇಳಿದೆ. ಅವರು ಟೈಪ್ ಮಾಡಿದ ಅಂಕಿಗಳನ್ನೇ ಒಂದೊಂದು ಗುಂಪಾಗಿ ಭಾಗಿಸುತ್ತಾ ಹೋದರು, ಐದನೆಯದರಲ್ಲಿ ಶೇಷ ಉಳಿಯಿತು. ನಾನು ಬರೆದದ್ದು 7, ಅವರು ಓದಿದ್ದು 1.

ಈಗ ಎರಡೂ ಪ್ರತಿಯಲ್ಲಿ ಪ್ರತಿ ಏಳರ ನಡುವೆ ಒಂದು ಅಡ್ಡಗೆರೆ ಎಳೆದಿದ್ದೇನೆ, ‘ಕಪಾಟಿನಲ್ಲಿ’ ಎಂಬುದರ ಹಿಂದೆ ‘ಮಲಗುವ ಕೋಣೆಯ, ಮೇಲಿನಿಂದ ಎರಡನೇ ಅರೆ’ ಅಂತ ಸೇರಿಸಿದ್ದೇನೆ.